ಜೋನ್ ಆಫ್ ಆರ್ಕ್: ಹಳ್ಳಿಯ ಬಾಲ್ಯ, ಚರ್ಚಿನ ಕಟಕಟೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಜೋನ್ ಎಂದೊಡನೆ ಕಣ್ಣ ಮುಂದೆ ಬರುವುದು ಕವಚ ತೊಟ್ಟ ಹುಡುಗಿ, ಬಿಳಿ ಬಾವುಟ, ಕೊನೆಗೆ ಬೆಂಕಿ. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಪರವಾಗಿ ಯುದ್ಧಕ್ಕಿಳಿದು, ಸೆರೆಸಿಕ್ಕು, 1431ರಲ್ಲಿ ಚರ್ಚಿನ ವಿಚಾರಣೆಯ ಕೊನೆಗೆ ಬೆಂಕಿಗೆ ಬಲಿಯಾದವಳು ಅವಳು. ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಆ ಚಿತ್ರದ ಆಚೀಚಿನವು: ಅವಳು ಬೆಳೆದ ಮನೆ, ಅವಳನ್ನು ವಿಚಾರಿಸಿದ ನ್ಯಾಯಪೀಠ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಅವಳ ಬಾಲ್ಯದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ನ್ಯಾಯಾಲಯದ ಕಡತಗಳಿಂದಲೇ ಬಂದದ್ದು. ಅವಳನ್ನು ಸುಡಬೇಕೆಂದಿದ್ದವರು ಕೇಳದೇ ಹೋಗಿದ್ದರೆ, ಹದಿನೈದನೆಯ ಶತಮಾನದ ಒಬ್ಬ ರೈತನ ಮಗಳು ಯಾವ ಮರದ ಕೆಳಗೆ ಹಾಡುತ್ತಿದ್ದಳೆಂದು ಯಾರು ಬರೆದಿಡುತ್ತಿದ್ದರು?

ಅವಳು ಹುಟ್ಟಿದ್ದು ಎಲ್ಲಿ, ಯಾವಾಗ?

ಫ್ರಾನ್ಸಿನ ಪೂರ್ವದ ಗಡಿಯಲ್ಲಿ, ಮ್ಯೂಸ್ ನದಿಯ ದಂಡೆಯ ಡೊಂರೆಮಿ ಎಂಬ ಹಳ್ಳಿಯಲ್ಲಿ, ಸುಮಾರು 1412ರಲ್ಲಿ. 1431ರ ಫೆಬ್ರುವರಿಯಲ್ಲಿ ವಯಸ್ಸು ಕೇಳಿದಾಗ ಅವಳು ಹೇಳಿದ್ದು "ಹತ್ತೊಂಬತ್ತು ಇರಬಹುದು" ಎಂದು. ಜನವರಿ 6 ಎಂಬ ದಿನಾಂಕ ಎಲ್ಲೆಡೆ ಕಾಣಿಸುತ್ತದೆ. ಅದರ ಮೂಲ 1429ರಲ್ಲಿ, ಅವಳು ಗೆದ್ದು ಹೆಸರಾದ ಮೇಲೆ, ಆಸ್ಥಾನಿಕನೊಬ್ಬ ಬರೆದ ಪತ್ರ. ಅವಳು ಹುಟ್ಟಿದ ರಾತ್ರಿ ಊರಿನ ಹುಂಜಗಳು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದವು ಎಂದೂ ಅದೇ ಪತ್ರ ಹೇಳುತ್ತದೆ. ಹುಂಜವನ್ನು ನಂಬುವವರು ದಿನಾಂಕವನ್ನೂ ನಂಬಬಹುದು.

ಅವಳ ನಿಜವಾದ ಹೆಸರೇನು?

"ನಮ್ಮೂರಲ್ಲಿ ನನ್ನನ್ನು ಝಾನೆತ್ ಎನ್ನುತ್ತಿದ್ದರು, ಫ್ರಾನ್ಸಿಗೆ ಬಂದ ಮೇಲೆ ಝಾನ್ ಎಂದರು" ಎಂಬುದು ಅವಳದೇ ಉತ್ತರ. (ಗಡಿಯ ಊರಿನವಳ ಬಾಯಲ್ಲಿ "ಫ್ರಾನ್ಸ್" ಎಂದರೆ ರಾಜನ ಒಳನಾಡು.) ಮನೆತನದ ಹೆಸರು ಕೇಳಿದಾಗ ಮೊದಲು ಗೊತ್ತಿಲ್ಲವೆಂದಳು. ಮುಂದೊಮ್ಮೆ, ತನ್ನ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ತಾಯಿಯ ಕಡೆಯ ಹೆಸರು ಬರುತ್ತದೆ ಎಂದಳು. ತಂದೆ ಝಾಕ್ ದಾರ್ಕ್, ತಾಯಿ ಇಸಬೆಲ್ ರೋಮೆ. ತನ್ನನ್ನು ತಾನು ಅವಳು ಕರೆದುಕೊಂಡದ್ದು "ಕನ್ಯೆ ಝಾನ್" ಎಂದು. "ಆರ್ಕ್" ಎಂಬ ಊರಿಗೂ ಅವಳಿಗೂ ಸಂಬಂಧವಿಲ್ಲ. ಕನ್ನಡದಲ್ಲಿ ರೂಢಿಯಾಗಿರುವುದು ಇಂಗ್ಲಿಷಿನ ದಾರಿಯಿಂದ ಬಂದ "ಜೋನ್ ಆಫ್ ಆರ್ಕ್". ಅವಳನ್ನು ಕೊಂಡು ಸುಡಿಸಿದವರ ಭಾಷೆಯಲ್ಲೇ ಜಗತ್ತು ಅವಳನ್ನು ಕರೆಯುತ್ತಿದೆ. ರೂಢಿಗೆ ಮಣಿದು ಇಲ್ಲಿಯೂ ಜೋನ್ ಎಂದೇ ಬರೆದಿದ್ದೇನೆ.

ಅವಳು ಕುರಿ ಕಾಯುವ ಬಡ ಹುಡುಗಿಯೇ?

ಬಡತನದ ಕಥೆ ಭಕ್ತಿಕಥೆಗಳಿಗೆ ಒಗ್ಗುತ್ತದೆ, ಆದರೆ ಝಾಕ್ ದಾರ್ಕ್ ಊರಿನಲ್ಲಿ ನಾಲ್ಕು ಜನರ ಸಾಲಿನಲ್ಲಿ ನಿಲ್ಲುವ ರೈತ. ಸ್ವಂತ ಹೊಲ, ದನಕರು, ಚರ್ಚಿನ ಪಕ್ಕದಲ್ಲೇ ಕಲ್ಲಿನ ಮನೆ. 1423ರ ದಾಖಲೆಯೊಂದರಲ್ಲಿ ಅವನು ಊರಿನ "ದ್ವಾಯೆನ್". ತೆರಿಗೆ ಎತ್ತುವುದು, ರಾತ್ರಿ ಕಾವಲನ್ನು ನೋಡಿಕೊಳ್ಳುವುದು ಆ ಹುದ್ದೆಯ ಕೆಲಸ. ನಮ್ಮ ಹಳೆಯ ಪಟೇಲಿಕೆಯನ್ನು ನೆನೆದುಕೊಂಡರೆ ಅಂದಾಜು ಸಿಗುತ್ತದೆ. ಆ ದಾಖಲೆ ಹುಟ್ಟಿದ್ದೇ ಒಂದು ಸಂಕಟದಿಂದ: ಪಕ್ಕದ ದಂಡನಾಯಕನೊಬ್ಬನಿಗೆ ಊರು ಲೂಟಿ ಮಾಡದಿರಲು ವರ್ಷವರ್ಷವೂ ಕಾಣಿಕೆ ಕೊಡುತ್ತೇವೆಂದು ಹಳ್ಳಿಯವರು ಬರೆದುಕೊಟ್ಟದ್ದು. ಅದಕ್ಕೂ ಕೆಲವು ವರ್ಷ ಮೊದಲು ಝಾಕ್ ಮತ್ತು ನೆರೆಯವರು ಸೇರಿ ನದಿಯ ನಡುಗಡ್ಡೆಯಲ್ಲಿದ್ದ ಪಾಳುಬಿದ್ದ ಕೋಟೆಯೊಂದನ್ನು ಗುತ್ತಿಗೆಗೆ ಹಿಡಿದಿದ್ದರು. ದಂಡು ಬಂದಾಗ ದನಗಳನ್ನು ಅಲ್ಲಿಗೆ ಅಟ್ಟಿಕೊಂಡು ಹೋಗುವುದಕ್ಕೆ.

ಕುರಿಯ ವಿಷಯಕ್ಕೆ ಬಂದರೆ, ವಿಚಾರಣೆಯಲ್ಲಿ ಜೋನ್ ತಾನು ಮನೆಗೆಲಸದಲ್ಲಿದ್ದೆ, ಕುರಿದನಗಳ ಹಿಂದೆ ಹೊಲಕ್ಕೆ ಹೋಗುತ್ತಿರಲಿಲ್ಲ ಎಂದಳು. ಇನ್ನೊಂದು ದಿನ, ಚಿಕ್ಕವಳಿದ್ದಾಗ ಹೋಗಿದ್ದಿರಬಹುದು, ದೊಡ್ಡವಳಾದ ಮೇಲೆ ಅಪರೂಪ ಎಂದಳು. ಅವಳಿಗೆ ಹೆಮ್ಮೆಯಿದ್ದದ್ದು ಬೇರೆ ಕೆಲಸದ ಬಗ್ಗೆ: ನೂಲುವುದರಲ್ಲಿ, ಹೊಲಿಯುವುದರಲ್ಲಿ, ವಿಚಾರಣೆ ನಡೆದ ರೂಆನ್ ಪಟ್ಟಣದ ಯಾವ ಹೆಂಗಸಿಗೂ ತಾನು ಹೆದರುವುದಿಲ್ಲ ಎಂದು ನ್ಯಾಯಪೀಠದ ಮುಂದೆಯೇ ಸವಾಲು ಹಾಕಿದಳು. ಓರ್ಲಿಯಾನಿನ ಮುತ್ತಿಗೆ ಮುರಿದವಳು ಕದಿರಿನ ಬಗ್ಗೆ ಜಂಬ ಪಡುವ ಈ ಸಾಲು ನನಗೆ ತುಂಬ ಇಷ್ಟ.

ಮನೆಯಲ್ಲಿ ಅವಳು ಕಲಿತದ್ದೇನು? ಓದುಬರಹ ಬರುತ್ತಿತ್ತೇ?

ಶಾಲೆಯ ಮುಖ ನೋಡಿದವಳಲ್ಲ. "ನನಗೆ ಎ ಗೊತ್ತಿಲ್ಲ, ಬಿ ಗೊತ್ತಿಲ್ಲ" ಎಂದು ಪಂಡಿತರಿಗೆ ಹೇಳಿದವಳು. ಧರ್ಮದ ಪಾಠ ತಾಯಿಯಿಂದ: ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸಸಂಗ್ರಹ. "ನನ್ನ ನಂಬಿಕೆಯನ್ನು ತಾಯಿಯ ಹೊರತು ಬೇರಾರಿಂದಲೂ ಕಲಿತಿಲ್ಲ" ಎಂದಳು. ಆ ತಾಯಿಯ ಭಕ್ತಿಯೂ ಸಾಮಾನ್ಯವಲ್ಲ. ದೂರದ ಯಾತ್ರೆ ಮಾಡಿದವರಿಗೆ ಸಲ್ಲುವ "ರೋಮೆ" ಎಂಬ ಹೆಸರು ಅವಳಿಗಿತ್ತು. 1429ರಲ್ಲಿ, ಮಗಳು ಯುದ್ಧಕ್ಕೆ ಹೊರಟಿದ್ದಾಗ, ಅವಳು ಲ ಪ್ವೀ ಎಂಬ ದೂರದ ಕ್ಷೇತ್ರಕ್ಕೆ ಯಾತ್ರೆ ಹೋಗಿದ್ದಳು.

ಸಹಿ ಮಾಡುವಷ್ಟು ಅಕ್ಷರವನ್ನು ಜೋನ್ ಮುಂದೆ ಕಲಿತಳು. ಅವಳು ಹೇಳಿ ಬರೆಸಿದ ಪತ್ರಗಳಲ್ಲಿ ಮೂರರ ಕೆಳಗೆ ಅವಳ ಹೆಸರಿನ ಸಹಿ ಇಂದಿಗೂ ಇದೆ.

ಊರಿನವರು ಅವಳನ್ನು ಹೇಗೆ ನೆನಪಿಟ್ಟುಕೊಂಡಿದ್ದರು?

ಅವಳು ಸತ್ತು ಇಪ್ಪತ್ತೈದು ವರ್ಷವಾದ ಮೇಲೆ, 1456ರ ಆರಂಭದಲ್ಲಿ, ಅವಳ ಮೇಲಿನ ತೀರ್ಪನ್ನು ಮರುವಿಚಾರಣೆ ಮಾಡುತ್ತಿದ್ದ ಅಧಿಕಾರಿಗಳು ಡೊಂರೆಮಿಯ ಕಡೆಗೆ ಹೋಗಿ ಮೂವತ್ತಕ್ಕೂ ಹೆಚ್ಚು ಜನರ ಹೇಳಿಕೆ ಬರೆದುಕೊಂಡರು. ಎಲ್ಲರಿಗೂ ಒಂದೇ ಪ್ರಶ್ನಾವಳಿ, ಆದ್ದರಿಂದ ಉತ್ತರಗಳೂ ಅಚ್ಚು ಹೊಡೆದಂತಿವೆ: ಒಳ್ಳೆಯವಳು, ಕೆಲಸಗಾತಿ, ಚರ್ಚಿಗೆ ಹೋಗುವವಳು, ನೂಲುವವಳು. ಅಚ್ಚಿನ ಆಚೆಗೆ ಜಾರಿದ ಮಾತುಗಳಲ್ಲೇ ಹುಡುಗಿ ಕಾಣುವುದು.

ಗಂಟೆ ಹೊಡೆಯುವ ಪೆರಾಂ ಹೇಳಿದ: ರಾತ್ರಿಯ ಪ್ರಾರ್ಥನೆಗೆ ತಾನು ಗಂಟೆ ಹೊಡೆಯಲು ಮರೆತರೆ ಜೋನ್ ಬಂದು ಗದರುತ್ತಿದ್ದಳು, ಸರಿಯಾಗಿ ಹೊಡೆದರೆ ಏನಾದರೂ ಕೊಡುತ್ತೇನೆಂದು ಆಸೆ ತೋರಿಸುತ್ತಿದ್ದಳು. ಗೆಳತಿ ಓವಿಯೆತ್ ಹೇಳಿದಳು: ಇಷ್ಟೊಂದು ಭಕ್ತಿ ಯಾತಕ್ಕೆ ಎಂದು ಜನ ಛೇಡಿಸಿದರೆ ಅವಳಿಗೆ ನಾಚಿಕೆಯಾಗುತ್ತಿತ್ತು. ರೈತನೊಬ್ಬ, ತಾನು ಹುಡುಗನಾಗಿ ಕಾಯಿಲೆ ಬಿದ್ದಾಗ ಜೋನ್ ಬಂದು ಸಂತೈಸಿದ್ದನ್ನು ನೆನೆದ. ಬಡವರು ಬಂದರೆ ತನ್ನ ಹಾಸಿಗೆ ಬಿಟ್ಟುಕೊಟ್ಟು ಒಲೆಯ ಪಕ್ಕ ಮಲಗುತ್ತಿದ್ದಳಂತೆ. ಊರು ಬಿಡುವಾಗ ಅವಳು ಓವಿಯೆತ್‌ಗೆ ಹೇಳಿ ಹೋಗಲಿಲ್ಲ. ಗೊತ್ತಾದ ಮೇಲೆ ಬಹಳ ಅತ್ತೆ ಎಂದಳು ಆ ಗೆಳತಿ, ಆಗ ನಲವತ್ತು ದಾಟಿದ ಹೆಂಗಸು.

ಯುದ್ಧ ಅವಳ ಹಳ್ಳಿಗೂ ಬಂದಿತ್ತೇ?

ಬಂದಿತ್ತು. ನೂರು ವರ್ಷದ ಯುದ್ಧ ಎನ್ನುವಾಗ ಫ್ರಾನ್ಸ್ ಒಂದು ಕಡೆ, ಇಂಗ್ಲೆಂಡ್ ಇನ್ನೊಂದು ಕಡೆ ಎಂದು ಎಣಿಸುತ್ತೇವೆ. ಆದರೆ ಫ್ರಾನ್ಸೇ ಒಡೆದ ಮನೆಯಾಗಿತ್ತು. 1419ರಲ್ಲಿ ಬರ್ಗಂಡಿಯ ಡ್ಯೂಕನನ್ನು ಯುವರಾಜ ಚಾರ್ಲ್ಸನ ಕಡೆಯವರು ಕೊಂದರು. ಸತ್ತ ಡ್ಯೂಕನ ಮಗ ಇಂಗ್ಲಿಷರ ಕೈ ಹಿಡಿದ. 1420ರ ತ್ರ್ವಾ ಒಪ್ಪಂದದಲ್ಲಿ ಯುವರಾಜನ ಹಕ್ಕನ್ನೇ ತೆಗೆದುಹಾಕಿ ಫ್ರಾನ್ಸಿನ ಕಿರೀಟವನ್ನು ಇಂಗ್ಲೆಂಡಿನ ರಾಜಮನೆತನಕ್ಕೆ ಬರೆದುಕೊಟ್ಟರು. ಡೊಂರೆಮಿ ಚಾರ್ಲ್ಸನ ಪಕ್ಷ, ಪಕ್ಕದ ಮಾಕ್ಸೆ ಹಳ್ಳಿ ಬರ್ಗಂಡಿಯ ಪಕ್ಷ. ಎರಡೂ ಊರಿನ ಹುಡುಗರು ಕಲ್ಲು ತೂರಾಡಿಕೊಂಡು ರಕ್ತ ಸುರಿಸಿಕೊಂಡು ಮನೆಗೆ ಬರುವುದನ್ನು ತಾನು ಕಂಡಿದ್ದೇನೆಂದು ಜೋನ್ ಹೇಳಿದಳು. ಡೊಂರೆಮಿಯಲ್ಲಿದ್ದ ಒಬ್ಬನೇ ಒಬ್ಬ ಬರ್ಗಂಡಿಯವನ ತಲೆ ಹಾರಿದ್ದರೆ ತನಗೆ ಸಂತೋಷವಾಗುತ್ತಿತ್ತು ಎಂದೂ ಅಂದಳು. "ದೇವರಿಗೆ ಒಪ್ಪಿಗೆಯಾಗಿದ್ದರೆ" ಎಂದು ಸೇರಿಸಿದಳು. ಸಂತಳ ಬಾಯಲ್ಲಿ ಈ ಮಾತು ಕೆಲವರಿಗೆ ಇರುಸುಮುರುಸು. ಗಡಿಯ ಊರಿನಲ್ಲಿ ಬೆಳೆದ ಹುಡುಗಿಯ ಬಾಯಲ್ಲಿ ಬೇರೇನು ಬರಬೇಕು?

1428ರಲ್ಲಿ ಇಡೀ ಊರು ದನಕರು ಹೊಡೆದುಕೊಂಡು ನಫ್‌ಶಾತೋ ಪಟ್ಟಣಕ್ಕೆ ಓಡಿತು. ಅಲ್ಲಿ ಜೋನಳ ಕುಟುಂಬ ಸುಮಾರು ಎರಡು ವಾರ ಒಬ್ಬ ಹೆಂಗಸಿನ ಛತ್ರದಂಥ ಮನೆಯಲ್ಲಿ ತಂಗಿತ್ತು. ಈ ಎರಡು ವಾರವನ್ನು ಮುಂದೆ ಅಭಿಯೋಜಕ ತನ್ನ ಆರೋಪಪಟ್ಟಿಯಲ್ಲಿ ಹೇಗೆ ಬರೆದ ಗೊತ್ತೇ? ನಡತೆಗೆಟ್ಟ ಹೆಂಗಸರೂ ಸಿಪಾಯಿಗಳೂ ಬರುವ ಜಾಗದಲ್ಲಿ ಆಳಾಗಿದ್ದು, ಕುದುರೆ ಸವಾರಿಯನ್ನೂ ಆಯುಧವಿದ್ಯೆಯನ್ನೂ ಅಲ್ಲೇ ಕಲಿತಳು ಎಂದು.

"ಧ್ವನಿಗಳು" ಕೇಳಿಸತೊಡಗಿದ್ದು ಯಾವಾಗ?

ಹದಿಮೂರನೆಯ ವಯಸ್ಸಿನಲ್ಲಿ. ಬೇಸಿಗೆ, ಮಧ್ಯಾಹ್ನದ ಹೊತ್ತು, ಅಪ್ಪನ ಹಿತ್ತಲು. ಬಲಗಡೆಯಿಂದ, ಚರ್ಚಿನ ದಿಕ್ಕಿನಿಂದ, ಬೆಳಕಿನೊಡನೆ ಬಂತು. ಮೊದಲ ಸಲ ಬಹಳ ಹೆದರಿದೆ ಎಂದಳು. ಮಿಕಾಯೇಲ ದೇವದೂತ, ಸಂತ ಕಥರೀನ್, ಸಂತ ಮಾರ್ಗರೆಟ್ ಎಂದು ಹೆಸರು ಹೇಳಿದ್ದು ವಿಚಾರಣೆಯಲ್ಲಿ. ಧ್ವನಿ ಮೊದಲು ಹೇಳಿದ್ದು ಒಳ್ಳೆಯ ನಡತೆಯಿಂದಿರು, ಚರ್ಚಿಗೆ ಹೋಗು ಎಂದು. ಅನಂತರ, ಫ್ರಾನ್ಸಿಗೆ ಹೋಗು ಎಂದು.

ಇದು ಮೂರ್ಛೆರೋಗವೇ, ಕಿವಿಯ ದೋಷವೇ, ಮನೋವ್ಯಾಧಿಯೇ ಎಂದು ಕೇಳುವವರು ಬಹಳ. ಆರು ಶತಮಾನದ ಹಿಂದಿನ ಕಡತವನ್ನು ಓದಿ ರೋಗದ ಹೆಸರು ಹೇಳುವ ವೈದ್ಯರ ಧೈರ್ಯಕ್ಕೆ ನನ್ನ ನಮಸ್ಕಾರ. ಅಂದಿನವರ ಪ್ರಶ್ನೆ ಇದಾಗಿರಲಿಲ್ಲ. ಧ್ವನಿ ಕೇಳಿಸುತ್ತದೆಂಬುದನ್ನು ಶತ್ರುಗಳೂ ಒಪ್ಪಬಲ್ಲವರಾಗಿದ್ದರು. ಜಗಳವಿದ್ದದ್ದು ಅದು ದೇವರದೋ ಸೈತಾನನದೋ ಎಂಬುದರಲ್ಲಿ.

ಅಪ್ಪ ಅಮ್ಮ ಅವಳನ್ನು ಕಳುಹಿಸಿಕೊಟ್ಟರೇ?

ಇಲ್ಲ. ಮಗಳು ಸೈನಿಕರ ಜೊತೆ ಹೊರಟುಹೋದಂತೆ ಝಾಕ್‌ಗೆ ಕನಸು ಬಿದ್ದಿತ್ತು. ಸೈನಿಕರ ಹಿಂದೆ ಹೋಗುವ ಹೆಂಗಸರು ಎಂಥವರೆಂದು ಅವನಿಗೆ ಗೊತ್ತಿತ್ತು. ಹಾಗೇನಾದರೂ ಆಗುವುದಾದರೆ ಅವಳನ್ನು ನೀರಿಗೆ ಹಾಕಿ ಮುಳುಗಿಸಿಬಿಡಿ, ನಿಮ್ಮಿಂದಾಗದಿದ್ದರೆ ನಾನೇ ಮುಳುಗಿಸುತ್ತೇನೆ ಎಂದು ಗಂಡುಮಕ್ಕಳಿಗೆ ಹೇಳಿದ್ದ. ತಾಯಿ ಇದನ್ನು ಜೋನಳ ಕಿವಿಗೆ ಹಾಕಿದಳು. ಕಣ್ಣಲ್ಲಿ ಕಣ್ಣಿಟ್ಟು ಕಾದರು. ನಡುವೆ ಒಬ್ಬ ಯುವಕ ಅವಳು ತನ್ನನ್ನು ಮದುವೆಯಾಗುವುದಾಗಿ ಮಾತು ಕೊಟ್ಟಿದ್ದಳೆಂದು ತೂಲ್ ಪಟ್ಟಣದ ಚರ್ಚು ನ್ಯಾಯಾಲಯಕ್ಕೆ ಎಳೆದ. ಯಾರಿಗೂ ಮಾತು ಕೊಟ್ಟಿಲ್ಲವೆಂದು ಅಲ್ಲಿ ಪ್ರಮಾಣ ಮಾಡಿದಳು. ರೂಆನಿನ ಕಟಕಟೆಗೆ ಮೊದಲೇ ಚರ್ಚಿನ ಕಟಕಟೆ ಅವಳಿಗೆ ಹೊಸದಾಗಿರಲಿಲ್ಲ.

ಕೊನೆಗೆ ಅವಳು ನೆಂಟ ದ್ಯುರಾಂ ಲಕ್ಸಾರ್‌ನನ್ನು ಹಿಡಿದಳು. ಅವನು ನಿಜವಾಗಿ ಅವಳ ತಾಯಿಯ ಕಡೆಯ ಅಕ್ಕನ ಗಂಡ. ವಯಸ್ಸಿನ ಗೌರವಕ್ಕೆ "ಮಾವ" ಎನ್ನುತ್ತಿದ್ದಳು. ಅವನ ಹೆಂಡತಿಯ ಬಾಣಂತನಕ್ಕೆಂದು ಮನೆ ಬಿಟ್ಟು, ಅವನ ಜೊತೆ ವೋಕುಲೇರ್ ಕೋಟೆಯ ನಾಯಕ ರಾಬರ್ ದ ಬೋದ್ರಿಕೂರ್‌ನ ಬಳಿಗೆ ಹೋದಳು. ಕಪಾಳಕ್ಕೆ ನಾಲ್ಕು ಬಿಗಿದು ಅಪ್ಪನ ಮನೆಗೆ ಬಿಟ್ಟು ಬಾ ಎಂದ ಅವನು. 1429ರ ಆರಂಭದಲ್ಲಿ ಮತ್ತೆ ಹೋದಳು. ಈ ಸಲ ಊರ ಜನರೇ ಅವಳಿಗೆ ಕುದುರೆ, ಗಂಡಸರ ಉಡುಪು ಕೊಡಿಸಿದರು. ಫೆಬ್ರುವರಿಯ ಚಳಿಯಲ್ಲಿ, ಶತ್ರುಗಳ ಸೀಮೆಯನ್ನು ರಾತ್ರಿ ಹೊತ್ತು ದಾಟುತ್ತಾ, ಹನ್ನೊಂದು ದಿನಕ್ಕೆ ಯುವರಾಜನಿದ್ದ ಶಿನೋನ್ ತಲುಪಿದಳು.

ತಂದೆತಾಯಿಗೆ ಹೇಳದೆ ಬಂದದ್ದು ಸರಿಯೇ ಎಂದು ನ್ಯಾಯಾಧೀಶರು ಕೇಳಿದಾಗ: "ದೇವರು ಹೇಳಿದ ಮೇಲೆ, ನನಗೆ ನೂರು ತಂದೆ ನೂರು ತಾಯಿ ಇದ್ದಿದ್ದರೂ, ನಾನು ರಾಜನ ಮಗಳಾಗಿದ್ದರೂ ಹೊರಡುತ್ತಿದ್ದೆ."

ರೂಆನ್ ವಿಚಾರಣೆಗೂ ಮೊದಲು ಚರ್ಚು ಅವಳನ್ನು ಪರೀಕ್ಷಿಸಿತ್ತೇ?

1429ರ ವಸಂತದಲ್ಲಿ ಪ್ವಾತಿಯೇ ಪಟ್ಟಣದಲ್ಲಿ ಚಾರ್ಲ್ಸನ ಕಡೆಯ ಪಂಡಿತರು ಸುಮಾರು ಮೂರು ವಾರ ಪ್ರಶ್ನಿಸಿ, ತಪ್ಪೇನೂ ಕಾಣಲಿಲ್ಲವೆಂದರು. ಲಿಮೊಸಾಂ ಸೀಮೆಯ ಒರಟು ಉಚ್ಚಾರದ ಪಾದ್ರಿಯೊಬ್ಬ, ನಿನ್ನ ಧ್ವನಿ ಯಾವ ಭಾಷೆ ಮಾತಾಡುತ್ತದೆ ಎಂದು ಕೇಳಿದ. "ನಿಮ್ಮದಕ್ಕಿಂತ ಒಳ್ಳೆಯದು" ಎಂದಳು. ಇದನ್ನು ಮುಂದೆ ಪ್ರಮಾಣ ಮಾಡಿ ಹೇಳಿದವನು ಆ ಪಾದ್ರಿಯೇ, ಅವನ ದೊಡ್ಡತನ. ಆ ಪರೀಕ್ಷೆಯ ಕಡತ ಕಳೆದುಹೋಗಿದೆ. ರೂಆನಿನಲ್ಲಿ ಜೋನ್ "ಪ್ವಾತಿಯೇ ಪುಸ್ತಕದಲ್ಲಿ ಬರೆದಿದೆ, ಅಲ್ಲಿ ನೋಡಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದದ್ದು ಅದನ್ನೇ.

ಅವಳು ನಿಜವಾಗಿ ಸೇನೆ ನಡೆಸಿದಳೇ?

1428ರ ಅಕ್ಟೋಬರಿನಿಂದ ಮುತ್ತಿಗೆಯಲ್ಲಿದ್ದ ಓರ್ಲಿಯಾನಿಗೆ ಅವಳು ಕಾಲಿಟ್ಟದ್ದು 1429ರ ಏಪ್ರಿಲ್ 29ರಂದು, ಮುತ್ತಿಗೆ ಎದ್ದದ್ದು ಮೇ 8ರಂದು. ಜೂನ್ 18ರಂದು ಪಾತೇಯ ಗೆಲುವು, ಜುಲೈ 17ರಂದು ರೀಮ್ಸ್‌ನಲ್ಲಿ ಚಾರ್ಲ್ಸನ ಪಟ್ಟಾಭಿಷೇಕ. ಯುದ್ಧತಂತ್ರ ಹೂಡಿದವರು ಹಳೆಯ ದಂಡನಾಯಕರೇ ಆಗಿದ್ದರೂ, ತೋಪುಗಳನ್ನು ಎಲ್ಲಿ ಇಡಬೇಕೆಂಬುದರಲ್ಲಿ ಅವಳ ಕಣ್ಣು ಪಳಗಿದವರದಂತಿತ್ತು ಎಂದು ಅಲಾಂಸೋನ್‌ನ ಡ್ಯೂಕ್ ಸಾಕ್ಷಿ ನುಡಿದ. ಅವಳು ಹಿಡಿಯುತ್ತಿದ್ದದ್ದು ಬಾವುಟ. ಕತ್ತಿಗಿಂತ ಅದು ನಲವತ್ತು ಪಾಲು ಪ್ರಿಯ, ಯಾರನ್ನೂ ಕೊಲ್ಲದಿರಲೆಂದೇ ಅದನ್ನು ಹಿಡಿದೆ, ಕೊಂದೂ ಇಲ್ಲ ಎಂದಳು. ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಮೇಲಿನ ದಾಳಿ ಸೋತಿತು. 1430ರ ಮೇ 23ರಂದು ಕಾಂಪಿಯೇನ್ ಬಳಿ ಬರ್ಗಂಡಿಯವರ ಕೈಗೆ ಸಿಕ್ಕಳು.

ಯುದ್ಧಕೈದಿಯನ್ನು ಚರ್ಚು ವಿಚಾರಿಸಿದ್ದು ಹೇಗೆ?

ಹಣದಿಂದ ಮತ್ತು ಒಂದು ನೆಪದಿಂದ. ಇಂಗ್ಲಿಷರು 10,000 ಲಿವ್ರ್ (ಅಂದಿನ ಫ್ರೆಂಚ್ ನಾಣ್ಯದ ಲೆಕ್ಕ) ಕೊಟ್ಟು ಅವಳನ್ನು ಕೊಂಡರು. ಯುದ್ಧಕೈದಿಯಾಗಿ ಇಟ್ಟುಕೊಂಡರೆ ಲಾಭವಿಲ್ಲ, ಸುಮ್ಮನೆ ಕೊಂದರೆ ಹುತಾತ್ಮಳಾಗುತ್ತಾಳೆ. ಧರ್ಮದ್ರೋಹಿ ಎಂದು ಚರ್ಚೇ ಸಾರಿದರೆ, ಅವಳ ಕೈಯಿಂದ ಕಿರೀಟ ಪಡೆದ ಚಾರ್ಲ್ಸನೂ ಮೈಲಿಗೆಯಾಗುತ್ತಾನೆ. ಸೆರೆಸಿಕ್ಕ ಜಾಗ ಬೋವೇ ಧರ್ಮಪ್ರಾಂತ್ಯದ್ದು ಎಂಬುದು ನೆಪ. ಅಲ್ಲಿನ ಬಿಷಪ್ ಪಿಯೇರ್ ಕೋಶೋನ್ ಇಂಗ್ಲಿಷ್ ಆಡಳಿತದ ಸಲಹೆಗಾರ. ಫ್ರೆಂಚ್ ಸೇನೆ ಬೋವೇ ಹಿಡಿದಾಗ ಊರು ಬಿಟ್ಟು ಓಡಿದ್ದವನು. ಧರ್ಮದ್ರೋಹವನ್ನು ವಿಚಾರಿಸುವ ಚರ್ಚಿನ ವ್ಯವಸ್ಥೆಯಾದ ಇನ್‌ಕ್ವಿಸಿಷನ್ನಿನ ಪ್ರತಿನಿಧಿ ಝಾನ್ ಲ ಮೇತ್ರ್ ಒಲ್ಲದ ಮನಸ್ಸಿನಿಂದ ಬಂದು ಕುಳಿತ. ವಿಚಾರಣೆ ನಡೆದದ್ದು ಇಂಗ್ಲಿಷರ ಹಿಡಿತದ ರೂಆನ್ ಕೋಟೆಯಲ್ಲಿ, ಖರ್ಚೂ ಅವರದೇ. ಆದರೆ ಪೀಠದಲ್ಲಿದ್ದ ಪಂಡಿತರು ಬಹುತೇಕ ಎಲ್ಲರೂ ಫ್ರೆಂಚರು. ಪ್ಯಾರಿಸ್ ವಿಶ್ವವಿದ್ಯಾಲಯ ಅವಳನ್ನು ವಿಚಾರಣೆಗೆ ಒಪ್ಪಿಸಿ ಎಂದು ಮೊದಲಿನಿಂದಲೂ ಒತ್ತಾಯಿಸುತ್ತಿತ್ತು.

ಚಾರ್ಲ್ಸ್ ಅವಳನ್ನು ಬಿಡಿಸಿಕೊಳ್ಳಲಿಲ್ಲವೇ?

ಇಲ್ಲ.

ಬಾಲ್ಯದ ಬಗ್ಗೆ ನ್ಯಾಯಾಧೀಶರಿಗೆ ಅಷ್ಟೇಕೆ ಆಸಕ್ತಿ?

ಈ ಪುಟದಲ್ಲಿ ಒಂದೇ ಉತ್ತರ ಓದುವ ಬಿಡುವಿದ್ದರೆ ಇದನ್ನು ಓದಿ.

ಸೈತಾನನ ಸಂಗವಿದ್ದರೆ ಅದು ಎಳವೆಯಲ್ಲೇ ಅಂಟಿರಬೇಕು ಎಂಬುದು ಅವರ ಲೆಕ್ಕ. ಡೊಂರೆಮಿಯ ಹೊರಗೆ ಒಂದು ದೊಡ್ಡ ಮರವಿತ್ತು. "ಅಮ್ಮನವರ ಮರ" ಎನ್ನುತ್ತಿದ್ದರು, "ಯಕ್ಷಿಯರ ಮರ" ಎಂದೂ ಹೆಸರಿತ್ತು. ಹತ್ತಿರ ಒಂದು ಬುಗ್ಗೆ, ಆಚೆಗೆ ಓಕ್ ಮರಗಳ ಕಾಡು. ಜ್ವರ ಬಂದವರು ಬುಗ್ಗೆಯ ನೀರು ಕುಡಿಯುತ್ತಿದ್ದರು. ವಸಂತದಲ್ಲಿ, ಈಸ್ಟರಿಗೆ ಮುಂಚಿನ ಒಂದು ಭಾನುವಾರ, ಊರಿನ ಮಕ್ಕಳೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಮರದಡಿ ಹಾಡಿ ಕುಣಿದು, ಕೊಂಬೆಗಳಿಗೆ ಹೂಮಾಲೆ ಹಾಕಿ ಬರುತ್ತಿದ್ದರು. ಮರಕ್ಕೊಂದು ಕಥೆ, ನೀರಿಗೊಂದು ಮಹಿಮೆ ಇಲ್ಲದ ಹಳ್ಳಿ ಯಾವ ದೇಶದಲ್ಲಿದೆ?

1431ರ ಫೆಬ್ರುವರಿ 24ರಂದು ಪ್ಯಾರಿಸಿನ ಪಂಡಿತ ಝಾನ್ ಬೋಪೇರ್ ಈ ಮರದ ಬಗ್ಗೆ ಕೇಳಿದ. ಜೋನ್ ಮುಚ್ಚುಮರೆಯಿಲ್ಲದೆ ಹೇಳಿದಳು. ಯಕ್ಷಿಯರು ಬರುತ್ತಾರೆಂದು ಹಿರಿಯರು ಹೇಳಿದ್ದು ಕೇಳಿದ್ದೇನೆ, ನಾನು ಕಂಡಿಲ್ಲ. ಜ್ವರದವರು ನೀರು ಕುಡಿಯುವುದನ್ನು ನೋಡಿದ್ದೇನೆ, ವಾಸಿಯಾಯಿತೋ ಇಲ್ಲವೋ ಗೊತ್ತಿಲ್ಲ. ಬೇರೆ ಹುಡುಗಿಯರ ಜೊತೆ ಮಾಲೆ ಕಟ್ಟಿದ್ದೇನೆ, ಊರಿನ ಮಾತೆ ಮರಿಯಳಿಗೆಂದೂ ಕಟ್ಟಿದ್ದೇನೆ. ಕುಣಿದದ್ದಕ್ಕಿಂತ ಹಾಡಿದ್ದೇ ಹೆಚ್ಚು. ಫ್ರಾನ್ಸಿಗೆ ಬರಬೇಕೆಂದು ಗೊತ್ತಾದ ಮೇಲೆ ಅಂಥ ಆಟಗಳಿಗೆ ಹೆಚ್ಚು ಹೋಗಲಿಲ್ಲ. ಅಮಾಯಕವಾದ ಈ ಉತ್ತರ ಆರೋಪಪಟ್ಟಿಗೆ ಇಳಿಯುವ ಹೊತ್ತಿಗೆ ಬೇರೆಯೇ ರೂಪ ತಾಳಿತ್ತು: ಅವಳು ರಾತ್ರಿ ಹೊತ್ತು ಒಬ್ಬಳೇ, ಚರ್ಚಿನಲ್ಲಿ ಪೂಜೆ ನಡೆಯುವ ಹೊತ್ತಿನಲ್ಲೂ, ಮರದ ಬಳಿಗೆ ಹೋಗಿ ಮಂತ್ರ ಹೇಳಿ ಕುಣಿಯುತ್ತಿದ್ದಳು, ಹಳ್ಳಿಯ ಮುದುಕಿಯರು ಅವಳಿಗೆ ಮಾಟ ಕಲಿಸಿದರು, ಮಾಟಕ್ಕೆ ಒದಗುತ್ತದೆಂದು ನಂಬಿದ್ದ ಮ್ಯಾಂಡ್ರೇಕ್ ಬೇರನ್ನು ಎದೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಇದಕ್ಕೂ ಮೊದಲು ಊರಿಗೆ ಜನ ಕಳುಹಿಸಿ ಗುಪ್ತವಾಗಿ ವಿಚಾರಿಸಿದ್ದೂ ಉಂಟು. ಹಾಗೆ ಹೋಗಿ ಬಂದವನೊಬ್ಬ, ನನ್ನ ಸ್ವಂತ ತಂಗಿಯಲ್ಲಿ ಏನನ್ನು ಕಾಣಬಾರದೆಂದು ಬಯಸುತ್ತೇನೋ ಅಂಥದ್ದೇನೂ ಅವಳಲ್ಲಿ ಸಿಗಲಿಲ್ಲ ಎಂದ. ಕೋಶೋನ್ ಸಿಟ್ಟಾಗಿ ಅವನಿಗೆ ಕೂಲಿಯನ್ನೂ ಕೊಡಲಿಲ್ಲವಂತೆ. ಆ ವರದಿ ವಿಚಾರಣೆಯ ಕಡತದಲ್ಲಿ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಾಗಿತ್ತು; ಕೂಸಿನ ತಲೆಗೆ ಅದು ಹಿಡಿಸಲಿಲ್ಲವೆಂದರೆ ತಪ್ಪು ಕೂಸಿನದು.

ವಿಚಾರಣೆ ದಿನದಿನ ಹೇಗೆ ನಡೆಯುತ್ತಿತ್ತು?

ಮೊದಲ ಬಹಿರಂಗ ಅಧಿವೇಶನ 1431ರ ಫೆಬ್ರುವರಿ 21ರಂದು. ಎದುರಿಗೆ ನಲವತ್ತು, ಕೆಲವು ದಿನ ಅರವತ್ತು ಪಂಡಿತರು. ಅವಳು ಒಬ್ಬಳೇ, ವಕೀಲರಿಲ್ಲ. ಒಟ್ಟೊಟ್ಟಿಗೆ ಪ್ರಶ್ನೆ ಎಸೆಯುತ್ತಿದ್ದರು. "ಸ್ವಾಮಿಗಳೇ, ಒಬ್ಬರಾದ ಮೇಲೆ ಒಬ್ಬರು ಕೇಳಿ" ಎನ್ನುತ್ತಿದ್ದಳು. ಮೊದಲ ದಿನವೇ ಪ್ರಮಾಣವಚನದ ಬಗ್ಗೆ ಜಗಳ: ಏನು ಕೇಳುತ್ತೀರೋ ತಿಳಿಯದೆ ಎಲ್ಲಕ್ಕೂ ಉತ್ತರಿಸುತ್ತೇನೆಂದು ಹೇಗೆ ಆಣೆ ಇಡಲಿ? ಮಾರ್ಚ್ 10ರಿಂದ ಸೆರೆಕೋಣೆಯಲ್ಲೇ, ಕೆಲವೇ ಜನರ ಮುಂದೆ ಪ್ರಶ್ನೋತ್ತರ.

ಸಂತ ಮಾರ್ಗರೆಟ್ ಇಂಗ್ಲಿಷ್ ಮಾತಾಡುವುದಿಲ್ಲವೇ? "ಇಂಗ್ಲಿಷರ ಪಕ್ಷದವಳಲ್ಲದವಳು ಇಂಗ್ಲಿಷ್ ಏಕೆ ಮಾತಾಡಬೇಕು?" ಮಿಕಾಯೇಲ ಬೆತ್ತಲೆಯಾಗಿದ್ದನೇ? "ಅವನಿಗೆ ಬಟ್ಟೆ ಕೊಡಿಸುವ ಯೋಗ್ಯತೆ ದೇವರಿಗಿಲ್ಲವೆಂದುಕೊಂಡಿರಾ?" ಅವನಿಗೆ ಕೂದಲಿತ್ತೇ? "ಅದನ್ನೇಕೆ ಕತ್ತರಿಸಿರಬೇಕು?" ತಪ್ಪು ಬರೆದುಕೊಂಡ ಲಿಪಿಕಾರನಿಗೆ ಇನ್ನೊಮ್ಮೆ ಹೀಗಾದರೆ ಕಿವಿ ಹಿಂಡುತ್ತೇನೆಂದಳು.

ಫೆಬ್ರುವರಿ 24ರ ಇನ್ನೊಂದು ಪ್ರಶ್ನೆ ಇವೆಲ್ಲಕ್ಕಿಂತ ವಿಷವಾದದ್ದು: ನೀನು ದೇವರ ಅನುಗ್ರಹದಲ್ಲಿದ್ದೀಯೆಂದು ನಿನಗೆ ಗೊತ್ತೇ? ಹೌದೆಂದರೆ ಅಹಂಕಾರ, ಏಕೆಂದರೆ ಅದನ್ನು ಯಾರೂ ಖಚಿತವಾಗಿ ತಿಳಿಯಲಾರರೆಂಬುದು ಚರ್ಚಿನ ಬೋಧನೆ. ಇಲ್ಲವೆಂದರೆ ತಪ್ಪೊಪ್ಪಿಗೆ. ಅತ್ತ ದರಿ, ಇತ್ತ ಪುಲಿ. "ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಇರಿಸಲಿ, ಇದ್ದರೆ ದೇವರು ನನ್ನನ್ನು ಅದರಲ್ಲೇ ಉಳಿಸಲಿ" ಎಂದಳು. ಕೇಳಿದವರು ಬೆರಗಾದರು ಎಂದು ಲಿಪಿಕಾರ ಮುಂದೆ ನೆನೆದ. ತಾಯಿಯ ಬಾಯಿಂದ ಕಲಿತ ಮೂರು ಪ್ರಾರ್ಥನೆಯ ಧರ್ಮಜ್ಞಾನ ಅದು.

ವಿಚಾರಣೆ ಕಾನೂನಿಗೆ ತಕ್ಕಂತೆ ಇತ್ತೇ?

ಅಂದಿನ ಕಾನೂನಿಗೂ ತಕ್ಕಂತಿರಲಿಲ್ಲ. ಇದನ್ನು ಹೇಳಿದವರು ಅಂದೇ ಇದ್ದರು. ಝಾನ್ ಲೋಯೇ ಎಂಬ ನಾರ್ಮಂಡಿಯ ಕಾನೂನು ಪಂಡಿತ ಕಡತ ನೋಡಿ ಇದು ನಿಲ್ಲುವ ಮೊಕದ್ದಮೆಯೇ ಅಲ್ಲ ಎಂದು ಹೇಳಿ ಊರು ಬಿಟ್ಟ. ಆಕ್ಷೇಪ ಎತ್ತಿದ ನಿಕೋಲಾ ದ ಊಪ್‌ವೀಲ್ ಜೈಲು ಸೇರಿದ. ಚರ್ಚಿನ ಕೈದಿಯಾದ ಹೆಂಗಸನ್ನು ಚರ್ಚಿನ ಸೆರೆಮನೆಯಲ್ಲಿ, ಹೆಂಗಸರ ಕಾವಲಿನಲ್ಲಿ ಇಡಬೇಕು. ಅವಳನ್ನು ಇಟ್ಟದ್ದು ಇಂಗ್ಲಿಷ್ ಸಿಪಾಯಿಗಳ ಕಾವಲಿನಲ್ಲಿ, ಕಾಲಿಗೆ ಕೋಳ ಹಾಕಿ. ನಿಕೋಲಾ ಲ್ವಾಸೆಲರ್ ಎಂಬ ಪಾದ್ರಿ ನಿನ್ನ ಸೀಮೆಯವನೇ ಎಂದು ನಟಿಸಿ ಅವಳ ವಿಶ್ವಾಸ ಗಳಿಸಿದ, ಪಕ್ಕದ ಕೋಣೆಯ ಕಿಂಡಿಯಿಂದ ಬೇರೆಯವರು ಕೇಳಿಸಿಕೊಳ್ಳುತ್ತಿದ್ದರು ಎಂದು ಲಿಪಿಕಾರ ಮಾನ್ಶೋನ್ ಸಾಕ್ಷಿ ಹೇಳಿದ. ಪೋಪರ ಬಳಿಗೆ ಕಳುಹಿಸಿ ಎಂದು ಅವಳು ಕೇಳಿದಾಗ, ಪೋಪ್ ಬಹಳ ದೂರ ಎಂದರು.

ಆದರೂ ಈ ಲಿಪಿಕಾರರಿಗೆ ನಾವು ಋಣಿಗಳು. ಬೆಳಿಗ್ಗೆ ಫ್ರೆಂಚಿನಲ್ಲಿ ಬರೆದುಕೊಂಡು, ಮಧ್ಯಾಹ್ನ ತಾಳೆ ನೋಡಿ, ಮುಂದೆ ಎಲ್ಲವನ್ನೂ ಲ್ಯಾಟಿನ್ನಿಗೆ ಇಳಿಸಿ ಐದು ಪ್ರತಿ ಮಾಡಿದರು. ಮೂರು ಉಳಿದಿವೆ.

ಗಂಡಸರ ಬಟ್ಟೆ ಅಷ್ಟು ದೊಡ್ಡ ಅಪರಾಧವೇ?

ಹಳೆಯ ಒಡಂಬಡಿಕೆಯ ಧರ್ಮೋಪದೇಶ ಕಾಂಡದಲ್ಲಿ ನಿಷೇಧವಿದೆ. ಅನಿವಾರ್ಯವಾದರೆ ಪಾಪವಿಲ್ಲವೆಂದು ಸಂತ ತೋಮಸ್ ಅಕ್ವಿನಾಸ್ ಬರೆದದ್ದೂ ಪಂಡಿತರಿಗೆ ಗೊತ್ತಿತ್ತು. 70 ಆರೋಪಗಳನ್ನು ಮಾರ್ಚ್ ಕೊನೆಯಲ್ಲಿ ಓದಿದರು, ಅವನ್ನು ಅನಂತರ 12ಕ್ಕೆ ಇಳಿಸಿದರು. ಮಾಟಮಂತ್ರದ ಕಥೆಗಳು ಬಹುಪಾಲು ಉದುರಿಹೋದವು, ಬಟ್ಟೆ ಉಳಿಯಿತು. ಅದು ಕಣ್ಣಿಗೆ ಕಾಣುವ ಸಾಕ್ಷಿ. ಜೊತೆಗೆ ಉಳಿದದ್ದು ಧ್ವನಿಗಳು, ಮತ್ತು ಭೂಮಿಯ ಮೇಲಿನ ಚರ್ಚಿಗೆ ಶರಣಾಗಲು ಒಪ್ಪದಿದ್ದದ್ದು. ಚರ್ಚಿಗೆ ವಿಧೇಯಳೇ, ಆದರೆ "ಮೊದಲು ದೇವರ ಸೇವೆ" ಎಂದಿದ್ದಳು.

ಹಾಗಾದರೆ ಅವಳು ತಪ್ಪೊಪ್ಪಿಕೊಂಡಳೇ?

ಒಂದು ಸಲ. ಮೇ 9ರಂದು ಚಿತ್ರಹಿಂಸೆಯ ಉಪಕರಣಗಳನ್ನು ತೋರಿಸಿದರು. ಕೈಕಾಲು ಕಿತ್ತರೂ ಬೇರೆ ಹೇಳುವುದಿಲ್ಲ, ಹೇಳಿದರೂ ಬಲವಂತದಿಂದ ಹೇಳಿಸಿದಿರಿ ಎನ್ನುತ್ತೇನೆ ಎಂದಳು. ಮೇ 24ರಂದು ಸೇಂತ್-ಉಆಂ ಮಠದ ಸ್ಮಶಾನದಲ್ಲಿ ಜನರ ಮುಂದೆ ನಿಲ್ಲಿಸಿ ಶಿಕ್ಷೆ ಓದತೊಡಗಿದಾಗ ಅವಳು ಮಣಿದಳು. ಒಂದು ಚೀಟಿಗೆ ಗುರುತು ಹಾಕಿದಳು. ಅದು ಆರೇಳು ಸಾಲಿನದೆಂದು ಕಂಡವರು ಹೇಳಿದರು. ಕಡತದಲ್ಲಿರುವುದು ಅದಕ್ಕಿಂತ ಎಷ್ಟೋ ಪಾಲು ಉದ್ದ. ಜೀವಾವಧಿ ಸೆರೆಯಾಯಿತು, ಹೆಣ್ಣುಡುಗೆ ಉಟ್ಟಳು. ಆದರೆ ಚರ್ಚಿನ ಸೆರೆಮನೆಗೆ ಕಳುಹಿಸುವ ಬದಲು ಅದೇ ಕೋಟೆಗೆ, ಅದೇ ಸಿಪಾಯಿಗಳ ನಡುವೆ ನೂಕಿದರು.

ಮೇ 28ರಂದು ನ್ಯಾಯಾಧೀಶರು ಬಂದಾಗ ಮತ್ತೆ ಗಂಡುಡುಗೆಯಲ್ಲಿದ್ದಳು. ಏಕೆ ಎಂಬುದಕ್ಕೆ ಸಾಕ್ಷಿಗಳ ಮಾತು ಬೇರೆಬೇರೆ: ಕಾವಲಿನವರು ಹೆಣ್ಣುಡುಗೆ ಕಿತ್ತುಕೊಂಡರು ಎಂದ ಒಬ್ಬ, ಅವಳ ಮೇಲೆ ಕೈ ಮಾಡಲು ಯತ್ನಿಸಿದರು ಎಂದ ಇನ್ನೊಬ್ಬ. ಅವಳು ಹೇಳಿದ್ದೆಂದು ಕಡತದಲ್ಲಿರುವುದು: ಗಂಡಸರ ನಡುವೆ ಇರುವಾಗ ಇದೇ ಸರಿ; ಪೂಜೆಗೆ ಬಿಡುತ್ತೇವೆ, ಸಂಕೋಲೆ ತೆಗೆಯುತ್ತೇವೆ ಎಂದಿದ್ದಿರಿ, ಮಾತು ಉಳಿಸಿಕೊಳ್ಳಲಿಲ್ಲ. ಧ್ವನಿಗಳು ಮತ್ತೆ ಮಾತಾಡಿದವೇ? ಹೌದು, ಜೀವ ಉಳಿಸಿಕೊಳ್ಳಲು ನನ್ನ ಆತ್ಮವನ್ನೇ ಕಳೆದುಕೊಂಡೆ ಎಂದವು. ಈ ಉತ್ತರದ ಪಕ್ಕದ ಅಂಚಿನಲ್ಲಿ ಲಿಪಿಕಾರ ಲ್ಯಾಟಿನ್ನಿನಲ್ಲಿ ಎರಡು ಪದ ಬರೆದ. ಅರ್ಥ: "ಸಾವಿನ ಉತ್ತರ".

ಅವಳನ್ನು ಸುಟ್ಟದ್ದು ಮಾಟಗಾತಿ ಎಂದೇ?

ಅಲ್ಲ. ಒಮ್ಮೆ ತಪ್ಪೊಪ್ಪಿ ಮತ್ತೆ ಅದಕ್ಕೇ ಮರಳಿದ ಧರ್ಮದ್ರೋಹಿ ಎಂದು. ಚರ್ಚು ತಾನೇ ಕೊಲ್ಲುವುದಿಲ್ಲ. ಕೈದಿಯನ್ನು ಲೌಕಿಕ ಅಧಿಕಾರಿಗೆ ಒಪ್ಪಿಸುತ್ತದೆ, ಅವನು ಶಿಕ್ಷೆ ವಿಧಿಸಬೇಕು. 1431ರ ಮೇ 30ರಂದು ರೂಆನಿನ ಹಳೆಯ ಮಾರುಕಟ್ಟೆಯಲ್ಲಿ ಆ ಅಧಿಕಾರಿಯ ತೀರ್ಪನ್ನೂ ಸರಿಯಾಗಿ ಓದದೆ ಕಂಬಕ್ಕೆ ಒಯ್ದರು. ಅಂದು ಬೆಳಿಗ್ಗೆ ಅವಳಿಗೆ ಪಾಪನಿವೇದನೆಗೂ ಪರಮಪ್ರಸಾದಕ್ಕೂ ಅವಕಾಶ ಕೊಟ್ಟಿದ್ದರು. ಬಹಿಷ್ಕೃತ ಧರ್ಮದ್ರೋಹಿಗೆ ಪರಮಪ್ರಸಾದ ಹೇಗೆ ಕೊಟ್ಟರೋ ಕೊಟ್ಟವರೇ ಹೇಳಬೇಕು. ಅವಳು ಶಿಲುಬೆ ಕೇಳಿದಾಗ ಒಬ್ಬ ಇಂಗ್ಲಿಷ್ ಸಿಪಾಯಿ ಎರಡು ಕಡ್ಡಿ ಜೋಡಿಸಿ ಕೊಟ್ಟ. ಇಸಾಂಬಾರ್ ಎಂಬ ಸನ್ಯಾಸಿ ಪಕ್ಕದ ಚರ್ಚಿನಿಂದ ಶಿಲುಬೆ ತಂದು ಅವಳ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದ. ಬೂದಿಯನ್ನು ಸೇನ್ ನದಿಗೆ ಸುರಿದರು.

ತೀರ್ಪು ರದ್ದಾದದ್ದು ಹೇಗೆ?

1449ರಲ್ಲಿ ರೂಆನ್ ಚಾರ್ಲ್ಸನ ಕೈಗೆ ಬಂತು, ಕಡತಗಳೂ ಬಂದವು. ಧರ್ಮದ್ರೋಹಿಯಿಂದ ಕಿರೀಟ ಪಡೆದವನೆಂಬ ಕಳಂಕ ತೊಳೆದುಕೊಳ್ಳುವ ತುರ್ತು ಅವನಿಗಿತ್ತು. ಅದನ್ನು ನ್ಯಾಯದ ಹಸಿವು ಎಂದು ತಿಳಿಯಬೇಕಾಗಿಲ್ಲ. 1450ರಲ್ಲಿ ಮೊದಲ ವಿಚಾರಣೆ, 1452ರಲ್ಲಿ ಇನ್ನೊಂದು. 1455ರಲ್ಲಿ ಪೋಪ್ ಮೂರನೆಯ ಕ್ಯಾಲಿಕ್ಸ್ಟಸ್ ಒಪ್ಪಿಗೆ ಕೊಟ್ಟರು. ಆ ನವೆಂಬರ್ 7ರಂದು ಪ್ಯಾರಿಸಿನ ನೋತ್ರ್ ದಾಮ್‌ನಲ್ಲಿ ಮುದುಕಿ ಇಸಬೆಲ್ ರೋಮೆ ಅರ್ಜಿ ಹಿಡಿದು ನಿಂತಳು. 115 ಸಾಕ್ಷಿಗಳ ಹೇಳಿಕೆ ಆಯಿತು. 1456ರ ಜುಲೈ 7ರಂದು ರೂಆನಿನಲ್ಲೇ ಹಳೆಯ ತೀರ್ಪನ್ನು ಮೋಸ, ಅನ್ಯಾಯಗಳಿಂದ ಕೂಡಿದ್ದೆಂದು ರದ್ದುಗೊಳಿಸಿದರು. ಕೋಶೋನ್ 1442ರಲ್ಲೇ ಸತ್ತಿದ್ದ. 1920ರ ಮೇ 16ರಂದು ಅವಳಿಗೆ ಸಂತ ಪದವಿ ಬಂತು.

ಈ ಸಲವೂ ಮರದ ಪ್ರಶ್ನೆ ಕೇಳಿದರು. ಊರಿನವರು ಒಬ್ಬೊಬ್ಬರಾಗಿ ಹೇಳಿದರು: ಹೌದು, ನಾವೂ ಹೋಗಿದ್ದೆವು, ನಾವೂ ಹಾಡಿದ್ದೆವು, ನಾವೂ ಬುತ್ತಿ ತಿಂದಿದ್ದೆವು. ಒಬ್ಬ ಮುದುಕಿಯಂತೂ, ಪಾದ್ರಿ ಶಿಲುಬೆ ಹಿಡಿದು ಬಂದು ಮರದಡಿ ಸಂತ ಯೊವಾನ್ನನ ಶುಭಸಂದೇಶ ಓದತೊಡಗಿದ ಮೇಲೆ ಯಕ್ಷಿಯರು ಬರುವುದಿಲ್ಲ ಎಂದಳು.

ಡೊಂರೆಮಿಗೆ ಅವಳಿಂದ ಏನಾದರೂ ಸಿಕ್ಕಿತೇ?

ಪಟ್ಟಾಭಿಷೇಕವಾದ ಎರಡು ವಾರಕ್ಕೆ, 1429ರ ಜುಲೈ 31ರಂದು, ಅವಳ ಕೋರಿಕೆಯ ಮೇರೆಗೆ ಚಾರ್ಲ್ಸ್ ಡೊಂರೆಮಿ ಮತ್ತು ಪಕ್ಕದ ಗ್ರೂ ಹಳ್ಳಿಗಳ ತೆರಿಗೆ ಮನ್ನಾ ಮಾಡಿದ. ಝಾಕ್ ದಾರ್ಕ್ ಮನೆಮನೆ ತಿರುಗಿ ಎತ್ತುತ್ತಿದ್ದ ತೆರಿಗೆ ಇನ್ನು ಇಲ್ಲ. ಮುಂದೆ ಬಹುಕಾಲ ತೆರಿಗೆಯ ಪುಸ್ತಕದಲ್ಲಿ ಆ ಊರಿನ ಹೆಸರಿನ ಮುಂದೆ ಮೊತ್ತ ಬರೆಯುತ್ತಿರಲಿಲ್ಲ. ಅಲ್ಲಿ ಬರೆಯುತ್ತಿದ್ದದ್ದು: "ಏನೂ ಇಲ್ಲ, ಕನ್ಯೆಯ ಸಲುವಾಗಿ."